ಪಕ್ಕದ ಸೀಟಿನ ಪಟ್ಟಿ

ಹೊಸ ಗಾಡಿ ಬಂದು ಹದಿನೈದು ದಿನ ತುಂಬುವ ಮೊದಲೇ ಅದರ ನಾಲ್ಕೂ ಚಕ್ರಗಳನ್ನು ಕಳಚಿಸಿ ಬೇರೆಯವನ್ನು ಹಾಕಿಸಿದ್ದೆ. ಕಂಪನಿ ಕೊಟ್ಟ 28 ಇಂಚಿನ ಟೈರುಗಳು ನನ್ನ ಕಣ್ಣಿಗೆ ಸೊರಗಿದಂತೆ ಕಂಡಿದ್ದವು. ಅವುಗಳ ಜಾಗಕ್ಕೆ 32 ಇಂಚಿನವು ಬಂದವು. ಕೆಸರಿಗೆಂದೇ ಮಾಡಿದವು, ಹಲ್ಲುಗಳ ನಡುವೆ ಬೆರಳು ತೂರಿಸಬಹುದಾದಷ್ಟು ಆಳದವು. ಗಾಡಿ ಎದೆಯುಬ್ಬಿಸಿ ನಿಂತಿತು. ಅದರ ಪಕ್ಕದಲ್ಲಿ ನಾನೂ ಹಾಗೆಯೇ ನಿಂತಿದ್ದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಸೈಡ್-ಬೈ-ಸೈಡ್ ಎಂದರೆ ಇಬ್ಬರು ಅಕ್ಕಪಕ್ಕ ಕುಳಿತು ದಾರಿಯಿಲ್ಲದ ಕಡೆ ಹೋಗುವ ಗಾಡಿ. ತಲೆಯ ಮೇಲೆ ಕಬ್ಬಿಣದ ಕೊಳವೆಗಳ ಪಂಜರ, ಅರ್ಧ ಬಾಗಿಲು, ಸುತ್ತ ಗಾಜಿಲ್ಲ. ಹೊಲದ ಕೆಲಸಕ್ಕೆಂದು ಕವಾಸಾಕಿ ಕಂಪನಿ 1988ರಲ್ಲಿ ತಂದ ‘ಮ್ಯೂಲ್’ ಈ ಬಳಗದ ಹಿರಿಯರಲ್ಲೊಂದು. ಪೊಲಾರಿಸ್ ಕಂಪನಿ 2007ರಲ್ಲಿ ‘ರೇಜರ್’ ಹೊರತಂದ ಮೇಲೆ ಮೋಜಿನ ಓಟದ್ದೇ ಒಂದು ದಾರಿಯಾಯಿತು. ಹೆಸರಿನಲ್ಲೇ ಇಬ್ಬರಿದ್ದರೂ ಗಾಡಿಗೆ ಏನೇನು ಹಾಕಿಸಬೇಕೆಂಬ ಮಾತೆಲ್ಲ ಸ್ಟೀರಿಂಗ್ ಹಿಡಿದವನದೇ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು, ಮೋಆಬ್‌ಗೆ ಹೊರಡುವವರೆಗೆ.

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಈ ಗಾಡಿಗಳವರ ತೀರ್ಥಕ್ಷೇತ್ರ. ಊರ ಪಕ್ಕದಲ್ಲೇ ಬಂಡೆ, ಕೊಂಚ ದೂರದಲ್ಲಿ ಮರಳು, ಎಲ್ಲಿ ನೋಡಿದರಲ್ಲಿ ಕೆಂಪು ಧೂಳು. ಕೆಸರು ಮಾತ್ರ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಹೆಂಡತಿ ನಕ್ಷೆ ನೋಡುತ್ತಲೇ ಕಂಡುಕೊಂಡಿದ್ದಳು. “ಹಳೆಯ ಚಕ್ರಗಳು ಮನೆಯಲ್ಲಿ ಕುಳಿತು ಏನು ಮಾಡುತ್ತವೆ? ಟ್ರೈಲರ್‌ನಲ್ಲಿ ಜಾಗವಿದೆಯಲ್ಲ, ಹಾಕಿಕೊಳ್ಳಿ” ಎಂದಳು. ವಾದ ಮಾಡುವಷ್ಟು ಹೊತ್ತಿರಲಿಲ್ಲ, ಹಾಕಿಕೊಂಡೆ. ಅವಳ ಕೈಯಲ್ಲೊಂದು ಸಣ್ಣ ನೋಟ್‌ಬುಕ್ ಇತ್ತು. ಗಾಡಿ ನಿಂತಾಗಲೆಲ್ಲ ಏಕೆ ನಿಂತಿತೆಂದು ಒಂದು ಸಾಲು ಬರೆಯುವುದು ಅವಳ ಯೋಜನೆ. ಪ್ರವಾಸದ ದಿನಚರಿ ಇರಬೇಕು ಎಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹೊರಡುವ ಮೊದಲು ಇಬ್ಬರೂ ಆನ್‌ಲೈನ್ ತರಗತಿ ಮುಗಿಸಿದ್ದೆವು. ಯೂಟಾದ ಸಾರ್ವಜನಿಕ ನೆಲದಲ್ಲಿ ಇಂಥ ಗಾಡಿ ಓಡಿಸುವ ವಯಸ್ಕರಿಗೂ 2023ರಿಂದ ಅದು ಕಡ್ಡಾಯ. ಪರೀಕ್ಷೆಯಲ್ಲಿ ಅವಳ ಅಂಕ ಹೆಚ್ಚು.

ಮೊದಲ ದಿನ ಮೋಆಬ್ ಪಕ್ಕದ ಬಂಡೆಯ ಬಯಲು ಸ್ಯಾಂಡ್ ಫ್ಲ್ಯಾಟ್ಸ್‌ನ ‘ಹೆಲ್ಸ್ ರಿವೆಂಜ್’ ದಾರಿ. ಉದ್ದ ಸುಮಾರು ಹತ್ತು ಕಿಲೋಮೀಟರ್ ಅಷ್ಟೇ, ಆದರೆ ದಾರಿ ಎನ್ನುವಂಥದ್ದೇನೂ ಇಲ್ಲ. ಬೋಳು ಬಂಡೆಯ ಮೇಲೆ ಅಲ್ಲಲ್ಲಿ ಬಳಿದ ಬೆಂಕಿಯ ಜ್ವಾಲೆಯ ಗುರುತುಗಳನ್ನು ಹಿಡಿದು ಸಾಗಬೇಕು. ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿ ಪೇರಿಸಿದ ಮರಳು ದಿಬ್ಬಗಳೇ ಗಟ್ಟಿಯಾಗಿ ನವಾಹೋ ಮರಳುಗಲ್ಲಾಗಿವೆ. ಇಲ್ಲಿಯವರು ಇದನ್ನು ‘ಸ್ಲಿಕ್‌ರಾಕ್’, ಜಾರುಬಂಡೆ, ಎನ್ನುತ್ತಾರೆ. ಜಾರುತ್ತಿದ್ದುದು ಕುದುರೆಗಳ ಲಾಳ. ರಬ್ಬರಿಗೆ ಇದು ಉಪ್ಪುಕಾಗದದಂತೆ ಕಚ್ಚಿಕೊಳ್ಳುತ್ತದೆ. ಹೊರಟ ಕೆಲವೇ ನಿಮಿಷಕ್ಕೆ ಎದುರಾಗುವುದು ಮೀನಿನ ಬೆನ್ನಿನಂಥ ಒಂದು ಏರು. ಎರಡು ಕಡೆಯೂ ಕೆಳಗಿಳಿಯುವ ಬಂಡೆ, ಎದುರಿಗೆ ಆಕಾಶ ಮಾತ್ರ. ಹತ್ತಿದೆವು. ಮಾತು ನಿಂತುಹೋಗಿತ್ತು.

ಕಚ್ಚಿಕೊಳ್ಳುವುದೇನೋ ಕಚ್ಚಿಕೊಂಡಿತು, ಆದರೆ ನನ್ನ ಟೈರುಗಳಲ್ಲಿ ಬಂಡೆಗೆ ತಾಗುತ್ತಿದ್ದ ರಬ್ಬರೇ ಕಡಿಮೆ. ಕೆಸರಿನ ಟೈರಿನಲ್ಲಿ ಹಲ್ಲುಗಳ ನಡುವೆ ದೊಡ್ಡ ಬಿಡುವು ಇರುತ್ತದೆ, ಕೆಸರು ಅಂಟಿಕೊಳ್ಳದೆ ಸಿಡಿದುಹೋಗಲೆಂದು. ಗಟ್ಟಿ ನೆಲದಲ್ಲಿ ಆ ಬಿಡುವೇ ಶತ್ರು. ಸಮತಟ್ಟಾದ ಕಡೆಯೂ ಗಾಡಿ ಗಡಗಡ ನಡುಗುತ್ತಿತ್ತು. ಹೆಂಡತಿ ಬರೆದಳು: “ಹಲ್ಲು ಗಾಡಿಯದು, ನೋವು ನನ್ನ ಹಲ್ಲಿಗೆ.”

ಮೂರನೆಯ ಏರಿನಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ಈ ಗಾಡಿಗಳಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ತಲುಪುವುದು ಒಂದು ರಬ್ಬರ್ ಬೆಲ್ಟಿನ ಮೂಲಕ. ಎರಡು ರಾಟೆಗಳು ಅದನ್ನು ಇಕ್ಕೆಲದಿಂದ ಹಿಂಡಿ ಹಿಡಿದಿರುತ್ತವೆ. ಹಿಡಿತ ಸಡಿಲಾಗಿ ಬೆಲ್ಟು ಜಾರಿದರೆ ಕಾಯುತ್ತದೆ, ಕಾದರೆ ಸವೆಯುತ್ತದೆ, ಸವೆದದ್ದು ಒಂದು ದಿನ ಚಿಂದಿಯಾಗಿ ಕವಚದೊಳಗೆಲ್ಲ ಸುತ್ತಿಕೊಳ್ಳುತ್ತದೆ. ಟೈರು 28ರಿಂದ 32ಕ್ಕೆ ಏರಿತೆಂದರೆ ಸುತ್ತಳತೆ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚಿದಂತೆ. ಒಂದು ಸುತ್ತಿಗೆ ಅಷ್ಟು ಹೆಚ್ಚು ದೂರ ತಳ್ಳಬೇಕು, ಅಂದರೆ ಗೇರು ಅಷ್ಟರಮಟ್ಟಿಗೆ ಭಾರವಾದಂತೆ. ಮೇಲೆ ಚಕ್ರದ ತೂಕ ಬೇರೆ: ಮನೆಯ ತಕ್ಕಡಿಯಲ್ಲಿ ಹಳೆಯದು ರಿಮ್ ಸಹಿತ 21 ಕಿಲೋ, ಹೊಸದು 31. ಇದಕ್ಕೆಲ್ಲ ನನಗೆ ಸಿಕ್ಕ ಪ್ರತಿಫಲ ನೆಲದಿಂದ ಎರಡು ಇಂಚು ಎತ್ತರ. ನಾಲ್ಕಲ್ಲ, ಟೈರಿನ ಎತ್ತರದಲ್ಲಿ ಹೆಚ್ಚಿದ್ದರ ಅರ್ಧ ಮಾತ್ರ ಗಾಡಿಯ ಹೊಟ್ಟೆಯ ಕೆಳಗೆ ಸೇರುತ್ತದೆ, ಉಳಿದರ್ಧ ಆಕ್ಸಲಿನ ಮೇಲಿರುತ್ತದೆ. ಈ ಸರಳ ಲೆಕ್ಕವನ್ನು ನಾನು ಕೊಳ್ಳುವ ಮೊದಲು ಮಾಡಿರಲಿಲ್ಲ.

ಹಿಂದೆ ಬರುತ್ತಿದ್ದ ಗಾಡಿಯಿಂದ ಹಿರಿಯರೊಬ್ಬರು ಇಳಿದು ಬಂದರು. ಮೂಗಿನಲ್ಲೇ ರೋಗ ಪತ್ತೆ ಮಾಡಿದರು. “ಯಾವ ಗೇರಿನಲ್ಲಿ ಹತ್ತಿದಿರಿ?” ಎಂದರು. ಹೈ ಎಂದೆ. “ಓಡುವಾಗ ಹೈ, ತೆವಳುವಾಗ ಲೋ. ಈಗ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆರಿಸಬೇಡಿ. ರಾಟೆ ತಿರುಗುತ್ತಿದ್ದರೆ ಒಳಗೆ ಗಾಳಿಯಾಡುತ್ತದೆ” ಎಂದರು. ಆಮೇಲೆ ನನ್ನ ಟೈರುಗಳ ಕಡೆ ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಬೇರೆ ಬೆಲ್ಟು ತಂದಿದ್ದೀರಾ ಎಂದು ಕೇಳಿದಾಗ ನಾನು ಇಲ್ಲವೆಂದೆ. ಪಕ್ಕದ ಸೀಟಿನಲ್ಲಿ ಪೆನ್ನು ಓಡುವ ಸದ್ದು ಕೇಳಿಸಿತು.

ಲೋ ಗೇರಿನಲ್ಲಿ ಉಳಿದ ದಾರಿ ಸರಾಗವಾಗಿಯೇ ಸಾಗಿತು. ಒಂದೆಡೆ ಬಂಡೆ ತುಂಡಾಗಿ ಕೆಳಗೆ ಕೊಲರಾಡೋ ನದಿ ಕಾಣುತ್ತದೆ. ಅಲ್ಲಿ ನಿಂತದ್ದಕ್ಕೆ ಅವಳು ಕಾರಣ ಬರೆಯಲಿಲ್ಲ.

ಅಂದು ಸಂಜೆ ಚಕ್ರ ಬದಲಿಸಿದೆ. ನಾಲ್ಕು ಚಕ್ರಗಳನ್ನು ಬೋಳು ನೆಲದ ಮೇಲೆ, ಜಾಕಿನ ಸಹಾಯದಿಂದ, ದಾರಿಹೋಕರ ಸಲಹೆಗಳ ನಡುವೆ. ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿದು, ಮರುದಿನ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ನೋಡಿದೆ. ಎರಡು ನಟ್ಟುಗಳು ಕಾಲು ಸುತ್ತು ಹೆಚ್ಚಿಗೆ ತಿರುಗಿದವು. ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ನನ್ನ ಹೊಸ ರಿಮ್‌ಗಳು ಚಕ್ರವನ್ನು ಹೊರಕ್ಕೆ ತಳ್ಳುತ್ತಿದ್ದವು. 64 ಇಂಚು ಅಗಲದ ಗಾಡಿ 68 ಇಂಚಾಗಿತ್ತು. ಅಗಲಕ್ಕೆ ಮಿತಿಯಿರುವ ಕಾಡಿನ ದಾರಿಗಳು ಈ ದೇಶದಲ್ಲಿ ಎಷ್ಟೋ ಇವೆ. ಅಂಗಡಿಯಲ್ಲಿ ನಾಲ್ಕು ಇಂಚು ಕೊಂಡು ಬರುವಾಗ ಯಾವ ದಾರಿಗಳನ್ನು ಬಿಟ್ಟುಕೊಟ್ಟೆನೋ.

ಎರಡನೆಯ ದಿನ ಮೋಆಬ್‌ನಿಂದ ವಾಯವ್ಯಕ್ಕೆ, ವೈಟ್ ವಾಶ್ ಮರಳು ದಿಬ್ಬಗಳಿಗೆ. ಮರಳಿನ ನಡುವೆಯೇ ಕಾಟನ್‌ವುಡ್ ಮರಗಳು ತಲೆಯೆತ್ತಿರುವ ವಿಚಿತ್ರ ಜಾಗ. ಹಳೆಯ ಟೈರುಗಳ ಗಾಳಿಯನ್ನು 14 ಪಿಎಸ್‌ಐಯಿಂದ 10ಕ್ಕೆ ಇಳಿಸಿದೆ. ಟೈರು ಕೊಂಚ ಚಪ್ಪಟೆಯಾಗಿ, ಒಂಟೆಯ ಪಾದದಂತೆ ಹರಡಿಕೊಂಡು, ಮರಳಿನ ಮೇಲೆ ತೇಲಿತು. ಕೆಸರಿನ ಟೈರಾಗಿದ್ದರೆ ಸಲಿಕೆಯಂತೆ ಬಗೆದು ಕೆಳಗಿಳಿಯುತ್ತಿತ್ತು. ಇನ್ನೂ ಇಳಿಸಬಹುದಿತ್ತೇ? ಅಂಚನ್ನು ಬೋಲ್ಟಿನಿಂದ ಬಿಗಿಯುವ ಬೀಡ್‌ಲಾಕ್ ರಿಮ್ ಇದ್ದಿದ್ದರೆ ಧೈರ್ಯ ಮಾಡುತ್ತಿದ್ದೆ. ಸಾಧಾರಣ ರಿಮ್‌ನಲ್ಲಿ ತಿರುವಿನ ನೂಕಿಗೆ ಟೈರಿನ ಅಂಚು ಕಳಚಿಕೊಂಡರೆ ಬಿಸಿಲಿನಲ್ಲಿ ಕುಳಿತು ಅಳಬೇಕಾಗುತ್ತದೆ. ಅಕ್ಕಪಕ್ಕ ಹಾರುತ್ತಿದ್ದವರಲ್ಲಿ ಕೆಲವರ ಹಿಂಚಕ್ರಗಳಿಗೆ ದೋಣಿಯ ಹುಟ್ಟಿನಂಥ ಪಟ್ಟಿಗಳಿದ್ದವು, ಮರಳಿಗೆಂದೇ ಮಾಡಿದ ಪ್ಯಾಡಲ್ ಟೈರುಗಳು. ಅವನ್ನು ನಿನ್ನೆಯ ಬಂಡೆಯ ಮೇಲೆ ಓಡಿಸಿದರೆ ಸಂಜೆಗೆ ಪಟ್ಟಿಗಳೇ ಉಳಿಯುವುದಿಲ್ಲ.

ಒಂದು ದಿಬ್ಬದ ನೆತ್ತಿಯಲ್ಲಿ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಗಾಡಿ ಹೊಟ್ಟೆಯೂರಿ ಕುಳಿತಿತು. ಅಪರಿಚಿತರ ಎಳೆಯುವ ಪಟ್ಟಿಯೇ ಗತಿಯಾಯಿತು. ನನ್ನ ಗಾಡಿಯ ಮುಂದೆ ಹಗ್ಗ ಸುತ್ತಿ ಗಾಡಿಯನ್ನೇ ಎಳೆಯುವ ವಿಂಚ್ ಇರಲಿಲ್ಲ, ಇದ್ದರೂ ಅಲ್ಲಿ ಅದರ ಕೊಕ್ಕೆ ಸಿಕ್ಕಿಸಲು ಮರಗಳು ದೂರ. ಈಗಿನ ನನ್ನ ಅಭಿಪ್ರಾಯ: ಒಬ್ಬರೇ ಹೋಗುವವರಿಗೆ ವಿಂಚ್ ಬೇಕೇ ಬೇಕು, ಜೊತೆಗೊಂದು ಗಾಡಿಯಿದ್ದರೆ ಮೊದಲ ವರ್ಷಕ್ಕೆ ಗಟ್ಟಿ ಪಟ್ಟಿಯೊಂದು ಸಾಕು.

ನೋಟ್‌ಬುಕ್‌ನಲ್ಲಿ ಅಂದು ಹೆಚ್ಚು ಬಾರಿ ಬಂದ ಮಾತು “ಸೊಂಟ”. ಹಳ್ಳಕ್ಕಿಳಿದಾಗಲೆಲ್ಲ ಗಾಡಿಯ ಹಿಂಭಾಗ ಧಡ್ ಎಂದು ತಳಕ್ಕೆ ಬಡಿಯುತ್ತಿತ್ತು. ದುಬಾರಿ ಶಾಕ್ ಅಬ್ಸಾರ್ಬರ್‌ಗಳ ಹೆಸರುಗಳು ನನ್ನ ನಾಲಗೆಯ ತುದಿಯಲ್ಲೇ ಇದ್ದವು. ಅವಳು ಗಾಡಿಯ ಕೈಪಿಡಿ ತೆಗೆದಳು. ಇಬ್ಬರು, ನೀರು, ಹತಾರ ಎಲ್ಲ ಏರಿದ ಮೇಲೆ ಗಾಡಿ ಎಷ್ಟು ತಗ್ಗುತ್ತದೆಂದು ಅಳೆದು, ಸ್ಪ್ರಿಂಗಿನ ಮೇಲಿನ ಬಳೆಯನ್ನು ತಿರುಗಿಸಿ ಬಿಗಿ ಮಾಡಬೇಕೆಂದು ಅದರಲ್ಲಿ ಚಿತ್ರ ಸಮೇತ ಇತ್ತು. ಕಾರ್ಖಾನೆಯವರು ಹೊಂದಿಸಿ ಕಳಿಸಿದ್ದು ನಮ್ಮ ಭಾರ ನೋಡಿಯಲ್ಲವಲ್ಲ. ಅರ್ಧ ಗಂಟೆ ಹಿಡಿಯಿತು, ಖರ್ಚು ಸೊನ್ನೆ. ಆಮೇಲೆ ತಳ ಬಡಿಯಲಿಲ್ಲ. ಈ ಪ್ರವಾಸದಲ್ಲಿ ಗಾಡಿಗೆ ನಾನು ಮಾಡಿದ ಅತ್ಯುತ್ತಮ ಬದಲಾವಣೆ ಅದೇ, ಅದನ್ನು ತೋರಿಸಲು ಒಂದು ಸ್ಟಿಕ್ಕರ್ ಕೂಡ ಇಲ್ಲ.

ಮೂರನೆಯ ದಿನ ಜೆಮಿನಿ ಬ್ರಿಜಸ್. ಅಕ್ಕಪಕ್ಕ ನಿಂತ ಎರಡು ನೈಸರ್ಗಿಕ ಕಲ್ಲು ಸೇತುವೆಗಳು, ಹೆಸರಿಗೆ ತಕ್ಕ ಅವಳಿಗಳು. ದಾರಿಯ ಅಂಚಿನಲ್ಲಿ ಕಪ್ಪು ಹಕ್ಕಳೆ ಕಟ್ಟಿದಂತೆ ಕಾಣುವ ಮಣ್ಣಿದೆ. ಅದು ಜೀವಂತ, ಸೂಕ್ಷ್ಮಜೀವಿಗಳು ನೇಯ್ದ ಪದರ. ಒಮ್ಮೆ ಚಕ್ರ ಹರಿದರೆ ಚೇತರಿಸಿಕೊಳ್ಳಲು ದಶಕಗಳು ಬೇಕು. ಆದ್ದರಿಂದ ಎದುರಿನ ಗಾಡಿಗೆ ದಾರಿ ಬಿಡಬೇಕಾದರೂ ಪಕ್ಕಕ್ಕೆ ಇಳಿಯುವಂತಿಲ್ಲ, ಕಾಯಬೇಕು. ಹಾಗೆ ಕಾಯುವಾಗ ಹಿಂದೆ ಯಾರಿದ್ದಾರೆಂದು ತಿಳಿಯಲು ಹೆಂಡತಿ ಪ್ರತಿ ಬಾರಿಯೂ ಸೀಟ್ ಬೆಲ್ಟ್ ಬಿಚ್ಚಿ ಹಿಂದಕ್ಕೆ ತಿರುಗಿ ನೋಡಬೇಕಾಗುತ್ತಿತ್ತು. ಹೌದು, ಲಕ್ಷಣವಾಗಿ ಟೈರು ಬದಲಿಸಿಕೊಂಡ ಗಾಡಿಗೆ ಹಿನ್ನೋಟದ ಕನ್ನಡಿಯೇ ಇರಲಿಲ್ಲ.

ಧೂಳು ಅಂದು ನಿಜವಾಗಿ ಕಾಡಿತು. ನಾನು ಮುಂದೆ ಪೂರ್ತಿ ಗಾಜು ಹಾಕಿಸಿದ್ದೆ, ಧೂಳು ಬಾರದಿರಲೆಂದು. ಅದು ಬಂದದ್ದು ಹಿಂದಿನಿಂದ. ಮುಂದಿನಿಂದ ಗಾಳಿ ನುಗ್ಗದಿದ್ದರೆ ಗಾಡಿಯ ಬೆನ್ನ ಹಿಂದೆ ಸುಳಿಯೆದ್ದು, ಚಕ್ರಗಳು ಎಬ್ಬಿಸಿದ್ದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಂಬದಿಗೂ ತಡೆ ಬೇಕು, ಇಲ್ಲವೇ ಮುಂದಿನದು ಅರ್ಧ ಗಾಜಾಗಿರಬೇಕು. ಹೆಲ್ಮೆಟ್ ತೆಗೆದಾಗ ಅವಳ ಮುಖದಲ್ಲಿ ಕನ್ನಡಕದ ಆಕಾರ ಮಾತ್ರ ಅವಳ ಬಣ್ಣದ್ದಾಗಿತ್ತು.

ಮಧ್ಯಾಹ್ನ ಚೂಪು ಕಲ್ಲೊಂದು ಹಿಂದಿನ ಎಡ ಟೈರಿನ ಪಕ್ಕೆಯನ್ನು ಸೀಳಿತು. ತಳದಲ್ಲಿ ತೂತಾಗಿದ್ದರೆ ರಬ್ಬರ್ ಬತ್ತಿ ತುರುಕಿ ಮರೆತುಬಿಡಬಹುದು. ಪಕ್ಕೆ ಬಳುಕುತ್ತಲೇ ಇರುತ್ತದೆ, ಬತ್ತಿ ಅಲ್ಲಿ ನಿಲ್ಲುವುದು ತಾತ್ಕಾಲಿಕ. ಕಂಪನಿಯ ಟೈರು 6 ಪ್ಲೈ. ಅದು ಪದರಗಳ ಎಣಿಕೆಯಲ್ಲ, ಬಲದ ಅಂದಾಜು. ಬಂಡೆಯ ನಾಡಿಗೆ 8 ಇದ್ದರೆ ನೆಮ್ಮದಿ ಎಂಬುದು ಆ ಕಲ್ಲು ಕಲಿಸಿದ್ದು. ಟ್ರೈಲರ್‌ನಲ್ಲಿ ನಾಲ್ಕು ದೈತ್ಯ ಚಕ್ರಗಳು ಮಲಗಿದ್ದವು, ತಂದಿದ್ದರೂ ಪ್ರಯೋಜನವಿರಲಿಲ್ಲ. ಮೂರು ಚಕ್ರ 28, ಒಂದು 32 ಎಂದಾದರೆ ನಾಲ್ಕು ಚಕ್ರದ ಓಟದಲ್ಲಿ ಗೇರುಪೆಟ್ಟಿಗೆ, ಡಿಫರೆನ್ಷಿಯಲ್ಲುಗಳು ಒಂದನ್ನೊಂದು ಹಿಂಡಿಕೊಳ್ಳುತ್ತವೆ. ಸ್ಟೆಪ್ನಿ ಎಂದರೆ ಅದೇ ಅಳತೆಯದೇ ಆಗಿರಬೇಕು.

ನಮ್ಮನ್ನು ಕಾಪಾಡಿದ್ದು ಅವಳ ಚೀಲ. ಗಾಡಿ ಕೊಂಡಾಗ ಅವಳು ತನ್ನ ಪಾಲಿಗೆ ಕೊಂಡಿದ್ದು ಎರಡೇ ವಸ್ತು: ಪಂಕ್ಚರ್ ಬತ್ತಿಗಳ ಪೊಟ್ಟಣ, ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಗಾಳಿ ಯಂತ್ರ. ಆಟಿಕೆ ಎಂದು ನಾನು ನಕ್ಕಿದ್ದೆ. ಸೀಳಿಗೆ ಒಟ್ಟಿಗೆ ಮೂರು ಬತ್ತಿ ತುರುಕಿದೆವು, ಹೊರಬರುವಷ್ಟರಲ್ಲಿ ನಾಲ್ಕು ಬಾರಿ ನಿಂತು ಗಾಳಿ ತುಂಬಿದೆವು. ಆಟಿಕೆ ಬಿಸಿಯಾಗಿ ಗೊಣಗುತ್ತಿತ್ತು, ನಾನು ಗೊಣಗಲಿಲ್ಲ.

ರಾತ್ರಿ ನೋಟ್‌ಬುಕ್ ಬಿಚ್ಚಿದೆವು. ಮೂರು ದಿನಗಳಲ್ಲಿ ಇಪ್ಪತ್ತೇಳು ನಿಲುಗಡೆ. ಅವುಗಳಿಂದ ಹುಟ್ಟಿದ ಪಟ್ಟಿ ಚಿಕ್ಕದು. ಟೈರು 30×10 ಆರ್ 14: ಅಂದರೆ 30 ಇಂಚು ಎತ್ತರ, 10 ಇಂಚು ಅಗಲ, ರೇಡಿಯಲ್, ಕಂಪನಿಯ 14 ಇಂಚಿನ ರಿಮ್‌ಗೇ ಕೂರುವಂಥದ್ದು. 8 ಪ್ಲೈ, ಹಲ್ಲು ಒತ್ತೊತ್ತಾಗಿರುವ ಎಲ್ಲ ನೆಲದ ಟೈರು. ನಾಲ್ಕಲ್ಲ, ಐದು. ಎತ್ತರ ಒಂದು ಇಂಚು ಸಿಗುತ್ತದೆ, ಬೆಲ್ಟಿಗೆ ಹೆಚ್ಚುವ ಹೊರೆ ನೂರಕ್ಕೆ ಏಳರಷ್ಟು, ಹದಿನಾಲ್ಕಲ್ಲ. ಆಮೇಲೆ ಅಗಲದ ಕನ್ನಡಿ, ಅರ್ಧ ಗಾಜು, ಬೇರೆ ಬೆಲ್ಟು ಮತ್ತು ಅದನ್ನು ಬದಲಿಸುವ ಹತಾರ, ಎಳೆಯುವ ಪಟ್ಟಿ, ಅಗ್ನಿಶಾಮಕ, ಬಂಡೆಗೆ ಉಜ್ಜಿದ ಹೊಟ್ಟೆಗೊಂದು ದಪ್ಪ ಪ್ಲಾಸ್ಟಿಕ್ ಕವಚ.

“ಮುಂದೆ ಸಾಲು ದೀಪ?” ಎಂದು ಕೇಳಿದೆ. ಅದರ ಮೇಲೆ ನನಗೆ ಬಹಳ ದಿನದ ಆಸೆ.

ಅವಳು ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದಳು. “ಕತ್ತಲಿನಲ್ಲಿ ಎಲ್ಲೂ ನಿಂತಿಲ್ಲವಲ್ಲ” ಎಂದಳು.

ಊರಿಗೆ ಮರಳಿದ ಮೇಲೆ 32 ಇಂಚಿನವನ್ನು ಮಾರಾಟಕ್ಕಿಟ್ಟೆ. ಕೊಳ್ಳಲು ಬಂದವರು ಜೌಗು ನೆಲದಲ್ಲಿ ಓಡಾಡುವವರು; ಟೈರುಗಳನ್ನು ನೋಡಿ ಅವರ ಕಣ್ಣು ಅರಳಿತು. ಅವರಿಗೆ ಅವು ಸರಿಯಾದ ಟೈರುಗಳೇ. ಬಗ್ಗಿ, ಹಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಕೆಂಪು ಮರಳನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದು, “ಇದನ್ನು ಎಲ್ಲಿ ಓಡಿಸಿದಿರಿ?” ಎಂದು ಕೇಳಿದರು. ನಾನು ನಟ್ಟುಗಳ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಉತ್ತರವನ್ನು ಹೆಂಡತಿಯೇ ಕೊಟ್ಟಳು, ವಿವರವಾಗಿ.