ನಾಯ್ಸ್ ಗೇಟ್ ನುಂಗಿದ ಬಿಕ್ಕು

ಬರ್ಲಿನ್ನಿನ ಸಣ್ಣ ಸಭಾಂಗಣಗಳಲ್ಲಿ ಧ್ವನಿ ತಂತ್ರಜ್ಞನಾಗಿ ದುಡಿಯುತ್ತಿರುವ ನಾನು, ಯಹೂದಿ ಸಾಂಪ್ರದಾಯಿಕ ಗಾಯನವನ್ನೂ ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತವನ್ನೂ ಬೆಸೆಯುವ ಇಬ್ಬರು ಕಲಾವಿದರ ಕಾರ್ಯಕ್ರಮದಲ್ಲಿ ಮಾಡಿದ ತಪ್ಪೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಬ್ಬರಲ್ಲಿ ಒಬ್ಬರು ಗಾಯಕರು; ಅವರು ಹಾಡುವುದು ನಿಗುನ್. 18ನೆಯ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಹುಟ್ಟಿದ ಹಸೀದಿ ಎಂಬ ಯಹೂದಿ ಪಂಥದವರು ಪ್ರಾರ್ಥನೆಯೆಂದೇ ಬೆಳೆಸಿದ ಈ ಗಾಯನಕ್ಕೆ ಹೆಚ್ಚಾಗಿ ಸಾಹಿತ್ಯವಿರುವುದಿಲ್ಲ; ‘ಆಯ್ ಆಯ್’, ‘ಯಾ ಬಾ ಬಾಂ’ ಎನ್ನುತ್ತಲೇ ಧಾಟಿ ಸಾಗುತ್ತದೆ. ಇದರಲ್ಲಿ ಮತ್ತೆ ಮತ್ತೆ ಬರುವ ಅಹವಾ ರಬ್ಬಾ ಎಂಬ ಸ್ವರಕ್ರಮವನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮ ಕರ್ನಾಟಕ ಸಂಗೀತದ ವಕುಳಾಭರಣ ರಾಗ ನೆನಪಾಯಿತು, ಏಕೆಂದರೆ ಎರಡರ ಸ್ವರಸ್ಥಾನಗಳೂ ಒಂದೇ. ಆದರೆ ಅಲ್ಲಿ ನಮ್ಮ ಗಮಕಗಳಿಲ್ಲ, ಕ್ರೆಖ್ತ್ಸ್ ಇದೆ: ಸ್ವರದ ತುದಿಯಲ್ಲಿ ಗಂಟಲು ಒಡೆದು ಬಿಕ್ಕಿದಂತೆ ಕೇಳುವ ಅಲಂಕಾರ. ಈ ಹಾಡಿನ ಜೀವವೇ ಅದು ಎಂದು ನಾನು ನಂಬಿದ್ದೇನೆ.

ಗಾಯಕರು ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಪಾಲಿಸುವವರು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಮೂಡುವವರೆಗೆ ಅವರು ಮೈಕು ಬಳಸುವಂತಿಲ್ಲವಾದ್ದರಿಂದ, ಶನಿವಾರ ರಾತ್ರಿಯ ಕಾರ್ಯಕ್ರಮಕ್ಕೆ ಶುಕ್ರವಾರ ಮಧ್ಯಾಹ್ನವೇ ಸೌಂಡ್ ಚೆಕ್ ಮುಗಿಸಿದೆವು. ಅಂದು ಅವರು ತುಂಬುಕಂಠದಿಂದ ಹಾಡಿದರು. ಸಿಂಥಸೈಜರಿನ ಸದ್ದು ಅವರ ಮೈಕಿಗೂ ನುಗ್ಗುತ್ತಿದ್ದುದರಿಂದ, ಇಂತಿಷ್ಟು ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ತಡೆಯುವ ನಾಯ್ಸ್ ಗೇಟನ್ನು ಆ ಕಂಠಕ್ಕೆ ಹೊಂದಿಸಿಟ್ಟೆ. ಮರುದಿನ ರಾತ್ರಿ, ತುಂಬಿದ ಸಭೆಯೆದುರು, ಅವರು ತೀರಾ ಮೆಲ್ಲಗೆ ಆರಂಭಿಸಿದರು. ಬಿಕ್ಕು ಬರುವ ಹೊತ್ತಿಗೆ ಸರಿಯಾಗಿ ಗೇಟು ಮುಚ್ಚಿಕೊಳ್ಳುತ್ತಿತ್ತು. ಸಾಲಿನ ತುದಿ ಕತ್ತರಿಸಿದ ದಾರದಂತೆ ನಿಂತುಬಿಡುತ್ತಿತ್ತು. ಅವರ ಧ್ವನಿಯನ್ನು ಆಗಿಂದಾಗಲೇ ಹಿಡಿದು, ಕ್ಷಣಕ್ಕೂ ಚಿಕ್ಕದಾದ ಚೂರುಗಳಾಗಿ ಒಡೆದು ಹರಡುವ ಜೊತೆಗಾರ್ತಿಯ ಲ್ಯಾಪ್‌ಟಾಪಿಗೂ ನನ್ನ ಮಿಕ್ಸರಿನಿಂದಲೇ, ಅದೇ ಗೇಟು ದಾಟಿದ ಧ್ವನಿ ಹೋಗುತ್ತಿತ್ತಾದ್ದರಿಂದ, ಆಕೆಯ ಕೈಗೂ ಬಿಕ್ಕು ಸಿಗಲೇ ಇಲ್ಲ. ನಾನು ಕಾರಣ ಕಂಡುಹಿಡಿದು ಗೇಟು ತೆಗೆಯುವಷ್ಟರಲ್ಲಿ ಮೊದಲ ನಿಗುನ್ ಮುಗಿದಿತ್ತು.

ಈಗ ಆ ಮೈಕಿಗೆ ಗೇಟು ಹಾಕುವುದಿಲ್ಲ. ಸಿಂಥಸೈಜರಿನ ಮಾನಿಟರ್ ಸ್ಪೀಕರನ್ನು ಮೈಕಿನ ಬೆನ್ನಿನ ಕಡೆಗೆ ಸರಿಸಿದ್ದೇನೆ, ಲ್ಯಾಪ್‌ಟಾಪಿಗೆ ಮೈಕಿನಿಂದ ನೇರವಾಗಿ ಪ್ರತ್ಯೇಕ ಲೈನ್ ಎಳೆದಿದ್ದೇನೆ. ನಿಗುನ್ ಸುತ್ತಿನಿಂದ ಸುತ್ತಿಗೆ ವೇಗ ಏರಿಸಿಕೊಳ್ಳುವುದರಿಂದ, ಯಂತ್ರದ ಸ್ಥಿರ ತಾಳವನ್ನು ಬಿಟ್ಟು, ಹಾಡಿನ ತುಣುಕನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಲೂಪ್ ಪೆಡಲನ್ನು ಗಾಯಕರ ಕಾಲಬಳಿಯೇ ಇಟ್ಟೆವು. ಮುಂದಿನ ಕಾರ್ಯಕ್ರಮದಲ್ಲಿ ಜೊತೆಗಾರ್ತಿ ಒಂದು ಬಿಕ್ಕನ್ನು ಹಿಡಿದು ಬಹಳ ಹೊತ್ತು ಹಿಗ್ಗಿಸಿದರು. ಗಾಯಕರು ಕಣ್ಣು ಮುಚ್ಚಿ ಅದನ್ನೇ ಶ್ರುತಿಯಾಗಿ ಇಟ್ಟುಕೊಂಡು ಮುಂದಿನ ಸಾಲು ಎತ್ತಿದರು.