ಬೇಲೂರಿನ ಕಪ್ಪೆ, ಬಳ್ಳಿಗಾವೆಯ ದಾಸೋಜ

ಬೇಲೂರಿನ ಚೆನ್ನಕೇಶವನ ಗುಡಿಗೆ ಹೋದವರೆಲ್ಲ ಮದನಿಕೆಯರನ್ನು, ಅಂದರೆ ಸೂರಿನಡಿಯ ಸುಂದರಿಯರ ಶಿಲ್ಪಗಳನ್ನು, ನೋಡಿ ಬೆರಗಾಗಿ ಬರುತ್ತಾರೆ. ನಾನೂ ಬೆರಗಾದೆ, ಇಲ್ಲ ಅಂತಲ್ಲ. ಆದರೆ ಊರಿಗೆ ಬಂದ ಮೇಲೂ ತಲೆಯಲ್ಲಿ ಕೂತಿರುವುದು ಒಂದು ಕಪ್ಪೆ, ಮತ್ತೆ ಆ ಕಪ್ಪೆ ನೆಪದಲ್ಲಿ ಗೈಡ್ ಜೊತೆ ನಡೆದ ಮಾತು. ಹಾಗಾಗಿ ಹಾಸನದ ಲಾಡ್ಜು, ಹಳೇಬೀಡು, ಶ್ರವಣಬೆಳಗೊಳ ಯಾವುದನ್ನೂ ಇಲ್ಲಿ ಎಳೆದು ತರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಮಧ್ಯಾಹ್ನ ಮಾತ್ರ ಹೋಗಬೇಡಿ. ಬಸ್ಸು ತಡವಾಗಿ ನಾವು ತಲುಪುವಾಗ ಬಿಸಿಲು ನೆತ್ತಿ ಮೇಲಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಅಂಗಳವಿಡೀ ಕಲ್ಲುಹಾಸು. ಗೋಪುರದಿಂದ ಜಗತಿಯ (ಗುಡಿ ನಿಂತಿರುವ ಕಟ್ಟೆ) ತನಕ ಕುಣಿಯುತ್ತಲೇ ಓಡಿದೆ. ನಮ್ಮ ಯಜಮಾನರು ಸಾಕ್ಸ್ ಹಾಕಿಕೊಂಡು ಆರಾಮಾಗಿ ಬಂದರು. ಗರ್ಭಗುಡಿ ಬೇರೆ ಮುಚ್ಚಿತ್ತು, ಬಾಗಿಲು ತೆಗೆಯುವವರೆಗೆ ಕಾಯಬೇಕಾಯಿತು.

ಆ ಗೋಪುರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅದು ವಿಜಯನಗರದ ಕಾಲದ್ದು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಗುಡಿ ನೆಲಕ್ಕೆ ಹತ್ತಿರ, ಮೈತುಂಬ ಮೂಲೆ ಮಡಿಕೆ. ಶಿಖರ ಈಗಿಲ್ಲ. ಅದರ ಮುಂದೆ ಈ ಗೋಪುರ ಸುಮ್ನೆ ಎತ್ತರಕ್ಕೆ ನಿಂತಿದೆ ಅನ್ನಿಸಿತು. ಅಂಗಳದ 42 ಅಡಿಯ ಕಂಬ ಮಾತ್ರ ಮಜವಾಗಿದೆ. ತಳಪಾಯಕ್ಕೆ ಸಿಕ್ಕಿಸದೆ, ತನ್ನ ಭಾರದಿಂದಲೇ ನಿಂತಿದೆ. ಒಂದು ಕಡೆ ಅಡಿಯಲ್ಲಿ ಕಾಗದ ತೂರಿಸಿ ತೋರಿಸುತ್ತಾರೆ.

ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ನವರಂಗದ (ಗರ್ಭಗುಡಿ ಮುಂದಿನ ಮಂಟಪ) ಕಂಬಗಳು ಒಂದೊಂದಾಗಿ ಕಾಣತೊಡಗಿದವು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹೊಯ್ಸಳರ ಕುಸುರಿಗೆಲ್ಲ ಈ ಕಲ್ಲೇ ಆಸರೆ. ನರಸಿಂಹ ಕಂಬ ಒಂದು ಕಾಲದಲ್ಲಿ ತಿರುಗುತ್ತಿತ್ತಂತೆ. ಅದರ ಮೇಲೆ ಕಡಲೆಕಾಳಿನಷ್ಟು ಪುಟ್ಟ ಬಸವಣ್ಣ ಇದ್ದಾನೆ, ಹುಡುಕಿ.

ನಮ್ಮ ಗೈಡ್ ವಯಸ್ಸಾದವರು. ಶಾಲೆ ಮಕ್ಕಳ ಗುಂಪೊಂದು ಅವರ ಬೆನ್ನು ಹತ್ತಿತ್ತು, ನಾವೂ ಸೇರಿಕೊಂಡೆವು. ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಹತ್ತಿರ ಅವರ ದನಿಯೇ ಬದಲಾಯಿತು. ಶಿಲ್ಪಿ ಜಕಣಾಚಾರಿ ಮೂರ್ತಿ ಮುಗಿಸಿದ್ದಾನೆ. ಅಪ್ಪನನ್ನು ಹುಡುಕಿಕೊಂಡು ಬಂದ ಹುಡುಗ ಡಂಕಣ, ಜಕಣನೇ ತನ್ನ ಅಪ್ಪ ಅಂತ ಗೊತ್ತಿಲ್ಲದೆಯೇ, ಈ ಕಲ್ಲಲ್ಲಿ ದೋಷ ಇದೆ ಅನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಅಂತ ಜಕಣ. ಮೂರ್ತಿಗೆಲ್ಲ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಜೀವಂತ ಕಪ್ಪೆ!

"ಸಾರ್, ಕಪ್ಪೆ ಒಳಗಡೆ ಏನು ತಿಂತಿತ್ತು?" ಒಬ್ಬ ಹುಡುಗ ಕೇಳಿದ.

"ದೇವರ ಹೊಟ್ಟೇಲಿ ಹಸಿವಾಯ್ತದೇನಪ್ಪಾ?" ಅಂದುಬಿಟ್ಟರು.

ಮಕ್ಕಳು ಹೋದ ಮೇಲೆ ನಾನು ಕೇಳಿದೆ, "ಜಕಣಾಚಾರಿ ಹೆಸರು ಇಲ್ಲಿ ಎಲ್ಲಾದರೂ ಕೆತ್ತಿದೆಯಾ?"

"ಇಲ್ಲ ಮೇಡಂ." ಸ್ವಲ್ಪವೂ ತಡವರಿಸಲಿಲ್ಲ. "ಕೆತ್ತಿದವರ ಹೆಸರೇ ಬೇಕು ಅಂದ್ರೆ ಬನ್ನಿ."

ಮತ್ತೆ ಆ ಸುಡುವ ಕಲ್ಲು. ಮದನಿಕೆಯೊಬ್ಬಳ ಕೆಳಗೆ ನಿಲ್ಲಿಸಿ, ಪಾದದ ಅಡಿಯ ಅಕ್ಷರಗಳ ಕಡೆ ಬೆರಳು ತೋರಿಸಿದರು. ಹಳಗನ್ನಡದ ಲಿಪಿ, ನನಗೆ ಒಂದಕ್ಷರವೂ ಹತ್ತಲಿಲ್ಲ. ಅವರೇ ಹೇಳಿದರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಬ್ಬರೂ ಇಲ್ಲಿ ಮದನಿಕೆಯರನ್ನು ಕೆತ್ತಿ ಹೆಸರು ಹಾಕಿದ್ದಾರೆ.

ನಾನು ಅಲ್ಲೇ ನಿಂತುಬಿಟ್ಟೆ. ಕತೆಯಲ್ಲೂ ಅಪ್ಪ ಮಗ, ಕಲ್ಲಲ್ಲೂ ಅಪ್ಪ ಮಗ! ಕತೆಯವರದು ಪಂತ, ರಕ್ತ. ಕಲ್ಲಿನವರು ಶಿವಮೊಗ್ಗದ ಕಡೆಯಿಂದ ಕೆಲಸಕ್ಕೆ ಬಂದು, ಕೆಲಸ ಮುಗಿಸಿ, ಊರಿನ ಹೆಸರನ್ನೂ ಸೇರಿಸಿ ಸಹಿ ಮಾಡಿದವರು. ಯಾರು ಒಳ್ಳೆಯ ಮದನಿಕೆ ಮಾಡಿದರು ಅಂತ ಇವರ ನಡುವೆಯೂ ಮಾತು ಬಂದಿರುತ್ತೆ, ಅಲ್ವಾ?

"ಇದನ್ನ ಮಕ್ಕಳಿಗೆ ಯಾಕೆ ಹೇಳಲಿಲ್ಲ?" ಅಂದೆ. ಸ್ವಲ್ಪ ಕೋಪವೇ ಬಂದಿತ್ತು.

"ಮೊದಮೊದ್ಲು ಹೇಳ್ತಿದ್ದೆ ಮೇಡಂ. ದಾಸೋಜ ಅಂದ್ರೆ ಜನ ಫೋಟೋ ತೆಗೆಯೋಕೆ ಹೊಂಟೋಯ್ತಾರೆ. ಕಪ್ಪೆ ಅಂದ್ರೆ ನಿಂತು ಕೇಳ್ತಾರೆ."

"ಹಾಗಾದ್ರೆ ಡಂಕಣ ಸುಳ್ಳು?"

"ಹಂಗೆಲ್ಲ ಅನ್ಬೇಡಿ. ತುಮಕೂರು ಹತ್ರ ಕೈದಾಳ ಅದೆ, ಅಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ್ ಮೇಲೆ ಜಕಣಂಗೆ ಕೈ ವಾಪಸ್ ಬಂತು. ಹೋಗಿ ನೋಡಿ, ಆಮೇಲೆ ಮಾತಾಡಿ."

ಇಷ್ಟು ಹೇಳಿ, ಆಗತಾನೆ ಬಸ್ಸಿಳಿದ ಗುಂಪಿನ ಕಡೆ ನಡೆದರು.

ನೀವು ಹೋಗುವುದಾದರೆ ಒಂದು ದುರ್ಬೀನು ಇಟ್ಟುಕೊಳ್ಳಿ. ಮದನಿಕೆಯರು ಸೂರಿನಡಿ ಎತ್ತರದಲ್ಲಿದ್ದಾರೆ. ಬರಿಗಣ್ಣಿಗೆ ಕನ್ನಡಿ ಹಿಡಿದ ಸುಂದರಿ ಕಾಣುತ್ತಾಳೆ, ದಾಸೋಜ ಕಾಣುವುದಿಲ್ಲ.