ನಾಲ್ಕು ‘ಇಲ್ಲ’, ಒಂದು ‘ಗದ್ದೆ’

ಇವತ್ತು ಒಂಬತ್ತನೇ ಕ್ಲಾಸಿನ ಡೆಸ್ಕೆಲ್ಲ ಕಪ್ಪು ಕಪ್ಪು.

ಕಾರಂತರ ‘ಚೋಮನ ದುಡಿ’ಯ ಒಂದೊಂದು ಪುಟ ಜೆರಾಕ್ಸ್ ಮಾಡಿ ಕೊಟ್ಟಿದ್ದೆ. ಜೊತೆಗೆ ಮಾರ್ಕರ್. ಬೇಕಾದ ಶಬ್ದ ಉಳಿಸಿ, ಬಾಕಿದ್ದೆಲ್ಲ ಅಳಿಸಿ, ಉಳಿದದ್ದೇ ನಿಮ್ಮ ಕವಿತೆ ಅಂದೆ. ಹೊಸ ಶಬ್ದ ಒಂದೂ ಸೇರಿಸುವ ಹಾಗಿಲ್ಲ.

1933ರ ಕಾದಂಬರಿ. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ ಮಾತಾಡುವವರೇ ಜಾಸ್ತಿ. ಬೇರೆ ದಿನ ಶಬ್ದದ ಅರ್ಥ ನಾನೇ ಹೇಳಬೇಕು, ಅವರು ಆಕಳಿಸಬೇಕು. ಇವತ್ತು ಅವರೇ ಎದ್ದು ಬಂದು ಕೇಳಿದರು. ಅಳಿಸಬೇಕೋ ಬೇಡವೋ ಗೊತ್ತಾಗಬೇಕಲ್ವಾ!

ಹೆಚ್ಚಿನವರು ಮಳೆ, ಕಾಡು, ಎತ್ತು ಅಂತ ಚಂದದ್ದೇ ಹೆಕ್ಕಿದರು. ಹಿಂದಿನ ಬೆಂಚಿನವನು ಮಾತ್ರ ಪುಟವಿಡೀ ಕಪ್ಪು ಮಾಡಿ ಕೂತಿದ್ದ. ಉದಾಸೀನ ಅಂದುಕೊಂಡೆ.

“ಟೀಚರೇ, ಇವ ಬರೀ ‘ಇಲ್ಲ’ ಇಟ್ಟಿದ್ದಾನೆ!” ಪಕ್ಕದವನ ಚಾಡಿ.

ಹೋಗಿ ನೋಡಿದೆ. ನಾಲ್ಕು ‘ಇಲ್ಲ’. ಕೆಳಗೆ ಮೂಲೆಯಲ್ಲಿ ಒಂದು ‘ಗದ್ದೆ’.

ಎತ್ತಿನ ಜೋಡಿ ಇದ್ದೂ ಉಳಲು ತುಂಡು ನೆಲ ಸಿಗದ ಚೋಮನ ಬಗ್ಗೆ ನಾನು ವಾರವಿಡೀ ಮಾತಾಡಿದ್ದೆ. ಸುಮ್ನೆ ಗಂಟಲು ನೋವು.

ಸಂಜೆ ಕಿಟಕಿ ಹಾಕುವಾಗ ಅವನ ಡೆಸ್ಕ್ ಕಣ್ಣಿಗೆ ಬಿತ್ತು. ಮಸಿ ಕಾಗದ ದಾಟಿ ಇಳಿದಿದೆ. ಅಳಿಸಿದ ಸಾಲುಗಳೆಲ್ಲ ಅಲ್ಲಿ ಉದ್ದುದ್ದ ಕಪ್ಪು ಪಟ್ಟಿ. ನಡುವೆ ಐದು ಕಡೆ ಮಾತ್ರ ಮರದ ಬಣ್ಣ ಹಾಗೇ ಇದೆ.

ಒರೆಸಲು ಬಟ್ಟೆ ಒದ್ದೆ ಮಾಡಿ ತಂದಿದ್ದೆ. ಕುಂಬಳೆ ಬಸ್ಸಿಗೆ ಹೊತ್ತಾಯಿತು ಅಂತ ನೆವ ಸಿಕ್ಕಿತು.